ರಾಸ್ಪ್‌ಬೆರಿ ಪೈ ಬೂಟ್ ಆಗುತ್ತಿಲ್ಲವೇ, ರೀಸೆಟ್ ಆದ ಮೇಲೆ ಏಳುತ್ತಿಲ್ಲವೇ? ಹಂತ ಹಂತವಾಗಿ ಪತ್ತೆ ಹಚ್ಚುವ ಕ್ರಮ

ಪೈ (ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರ್) ಏಳದಿದ್ದಾಗ ಹೆಚ್ಚಿನವರು ಮೊದಲು ಮಾಡುವುದು ಕಾರ್ಡ್ ತೆಗೆದು ಹೊಸದಾಗಿ ಇಮೇಜ್ (ಇಡೀ ಆಪರೇಟಿಂಗ್ ಸಿಸ್ಟಂನ ಪ್ರತಿ) ಬರೆಯುವ ಕೆಲಸ. ದೋಷ ಅಡಾಪ್ಟರಿನಲ್ಲೋ ಕೇಬಲ್ಲಿನಲ್ಲೋ ಇದ್ದರೆ ಹೊಸ ಇಮೇಜೂ ಏಳುವುದಿಲ್ಲ, ಇದ್ದ ಡೇಟಾ ಮಾತ್ರ ಹೋಗಿರುತ್ತದೆ. ಹಾಗಾಗಿ ಇಮೇಜ್ ಬರೆಯುವ ಕೆಲಸ ಈ ಕ್ರಮದಲ್ಲಿ ಬಹಳ ತಡವಾಗಿ ಬರುತ್ತದೆ. ಬೂಟ್ ಎಲ್ಲಿಯವರೆಗೆ ಬಂದು ನಿಂತಿದೆ ಎಂದು ಮೊದಲು ಗೊತ್ತಾಗಬೇಕು.

ಪೈ 4ರಲ್ಲಿ ಸರಣಿ ಹೀಗಿದೆ: ಚಿಪ್ಪಿನೊಳಗೆ ಅಳಿಸಲಾಗದಂತೆ ಬರೆದಿರುವ ಮೊದಲ ಕೋಡು, ಬೋರ್ಡಿನ ಮೇಲೆ ಮತ್ತೆ ಬರೆಯಬಹುದಾದ ಪುಟ್ಟ ಮೆಮೊರಿ ಚಿಪ್ಪಾದ ಇಇಪ್ರಾಮ್‌ನ ಬೂಟ್‌ಲೋಡರ್, ಕಾರ್ಡಿನ ಮೊದಲ ಪಾರ್ಟಿಶನ್‌ನಲ್ಲಿರುವ (ಪಾರ್ಟಿಶನ್ ಎಂದರೆ ಕಾರ್ಡಿನ ಒಂದು ವಿಭಾಗ) ಸ್ಟಾರ್ಟ್4 ಫರ್ಮ್‌ವೇರ್, ಲಿನಕ್ಸ್‌ನ ತಿರುಳಾದ ಕರ್ನಲ್, ಕೊನೆಗೆ ಎರಡನೇ ಪಾರ್ಟಿಶನ್‌ನಲ್ಲಿರುವ ಲಿನಕ್ಸ್. ಪೈ 3ರಲ್ಲಿ ಇಇಪ್ರಾಮ್ ಇಲ್ಲ, ಬೂಟ್‌ಕೋಡ್ ಎಂಬ ಫೈಲು ಕಾರ್ಡಿನಲ್ಲೇ ಇರುತ್ತದೆ. ಪೈ 5ರಲ್ಲಿ ಸ್ಟಾರ್ಟ್ ಫೈಲಿನ ಕೆಲಸವನ್ನೂ ಇಇಪ್ರಾಮ್ ಮಾಡಿಬಿಡುತ್ತದೆ. ಕೆಳಗಿನದು ಪೈ 4ನ್ನು ಮುಂದಿಟ್ಟುಕೊಂಡು ಬರೆದದ್ದು. ಉಳಿದವುಗಳಲ್ಲಿ ಬೇರೆ ಇದ್ದರೆ ಅಲ್ಲಲ್ಲೇ ಹೇಳಿದೆ.

ಬೇಕಾಗುವ ಸಾಮಾನು

ಮಲ್ಟಿಮೀಟರ್. ಬೋರ್ಡಿಗೆ ತಕ್ಕ ಅಡಾಪ್ಟರ್: ಪೈ 3ಕ್ಕೆ 5.1 ವೋಲ್ಟ್ 2.5 ಆಂಪಿಯರ್, ಪೈ 4ಕ್ಕೆ 5.1 ವೋಲ್ಟ್ 3 ಆಂಪಿಯರ್, ಪೈ 5ಕ್ಕೆ 5.1 ವೋಲ್ಟ್ 5 ಆಂಪಿಯರ್. 16 ಅಥವಾ 32 ಜಿಬಿಯ ಇನ್ನೊಂದು ಮೈಕ್ರೋ ಎಸ್‌ಡಿ ಕಾರ್ಡು, ಕಾರ್ಡ್ ರೀಡರ್, ಎಚ್‌ಡಿಎಂಐ ಕೇಬಲ್. ಪೈನ ಬೂಟ್ ಸಂದೇಶಗಳನ್ನು ಇನ್ನೊಂದು ಕಂಪ್ಯೂಟರಿನಲ್ಲಿ ಓದಲು 3.3 ವೋಲ್ಟಿನ ಯುಎಸ್‌ಬಿ ಟಿಟಿಎಲ್ ಸೀರಿಯಲ್ ಕೇಬಲ್ ಒಂದಿದ್ದರೆ ಊಹೆಯ ಕೆಲಸ ಅರ್ಧ ತಪ್ಪುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಳ್ಳುವುದಾದರೆ 3.3 ವೋಲ್ಟಿನದ್ದೇ ಬೇಕೆಂದು ಕೇಳಿ ತನ್ನಿ. 5 ವೋಲ್ಟ್ ಸಿಗ್ನಲ್ಲಿನದು ಪೈನ ಪಿನ್ನನ್ನು ಸುಡುತ್ತದೆ. ಸಾಧ್ಯವಾದರೆ ಲಿನಕ್ಸ್ ಇರುವ ಒಂದು ಕಂಪ್ಯೂಟರ್ ಇರಲಿ, ಏಕೆಂದರೆ ಕಾರ್ಡಿನ ಎರಡನೇ ಪಾರ್ಟಿಶನ್ ವಿಂಡೋಸ್‌ಗೆ ಕಾಣಿಸುವುದಿಲ್ಲ.

ಹಂತ 1: ತೊಂದರೆ ಯಾವ ಬಗೆಯದು?

"ಬೂಟ್ ಆಗ್ತಿಲ್ಲ" ಎನ್ನುವ ಒಂದೇ ಮಾತಿನ ಹಿಂದೆ ಮೂರು ಬೇರೆ ಬೇರೆ ದೋಷಗಳಿರಬಹುದು.

ಮೊದಲನೆಯದು, ಪ್ಲಗ್ ಹಾಕಿದರೂ ಏಳುವುದೇ ಇಲ್ಲ. ಇದಕ್ಕೆ ಹಂತ 2ರಿಂದ 8ರವರೆಗೆ ಕ್ರಮವಾಗಿ ಹೋಗಿ. ಎರಡನೆಯದು, ಪ್ಲಗ್ ಕಿತ್ತು ಹಾಕಿದರೆ ಏಳುತ್ತದೆ, ರೀಬೂಟ್ ಕೊಟ್ಟರೆ ಮಾತ್ರ ನಿಂತುಬಿಡುತ್ತದೆ. ಮೂರನೆಯದು, ಕೆಲಸ ಮಾಡುತ್ತಿರುವಾಗಲೇ ತಾನಾಗಿ ರೀಸೆಟ್ ಆಗುತ್ತದೆ. ಕೊನೆಯ ಎರಡಕ್ಕೆ ಹಂತ 2 ಮತ್ತು 3 ಮುಗಿಸಿ ನೇರವಾಗಿ ಹಂತ 9ಕ್ಕೆ ಹೋಗಿ. ಒಮ್ಮೆಯಾದರೂ ಪೂರ್ತಿ ಎದ್ದ ಕಾರ್ಡಿನ ಮೇಲೆ ಹೊಸ ಇಮೇಜ್ ಬರೆದು ಇವನ್ನು ಸರಿಪಡಿಸಬಹುದು ಎಂದುಕೊಳ್ಳಬೇಡಿ.

ಹಂತ 2: ಬೋರ್ಡನ್ನು ಬರಿದು ಮಾಡಿ

ಹ್ಯಾಟ್ (ಪಿನ್ನುಗಳ ಮೇಲೆ ಕೂರಿಸುವ ಹೆಚ್ಚುವರಿ ಬೋರ್ಡು), ಯುಎಸ್‌ಬಿ ಡಿಸ್ಕು, ಡಾಂಗಲ್, ಕ್ಯಾಮೆರಾ ಪಟ್ಟಿ, ಜಿಪಿಐಒ ಪಿನ್ನುಗಳಿಗೆ ಹಾಕಿದ ವೈರುಗಳು ಎಲ್ಲವನ್ನೂ ತೆಗೆಯಿರಿ. ಉಳಿಯಬೇಕಾದ್ದು ಅಡಾಪ್ಟರ್, ಕಾರ್ಡು, ಎಚ್‌ಡಿಎಂಐ ಮಾತ್ರ. ಪೈ 4ರಲ್ಲಿ ಎರಡು ಎಚ್‌ಡಿಎಂಐ ಕಿಂಡಿಗಳಿವೆ. ಪವರ್ ಕಿಂಡಿಯ ಪಕ್ಕದ್ದಕ್ಕೇ ಹಾಕಿ. ಇನ್ನೊಂದಕ್ಕೆ ಹಾಕಿಕೊಂಡು ಪರದೆ ಕಪ್ಪಗಿದೆ, ಬೋರ್ಡ್ ಸತ್ತಿದೆ ಎಂದು ತೀರ್ಮಾನಿಸುವವರು ಬಹಳ. ಮಾನಿಟರನ್ನು ಮೊದಲು ಆನ್ ಮಾಡಿ, ಆಮೇಲೆ ಪೈಗೆ ಕರೆಂಟ್ ಕೊಡಿ.

ಬರಿದು ಮಾಡಿದ ಮೇಲೆ ಎದ್ದರೆ ತೆಗೆದವನ್ನು ಒಂದೊಂದಾಗಿ ಸೇರಿಸುತ್ತ ಬನ್ನಿ, ಪ್ರತಿ ಸಲವೂ ಪ್ಲಗ್ ಕಿತ್ತು. ಎರಡನ್ನು ಒಟ್ಟಿಗೆ ಸೇರಿಸಿದರೆ ಮಾಡಿದ್ದೆಲ್ಲ ವ್ಯರ್ಥ.

ಹಂತ 3: ವೋಲ್ಟೇಜ್ ಅಳೆಯಿರಿ

ಕೆಂಪು ದೀಪ ಹತ್ತಿದೆ ಎಂದರೆ ಕರೆಂಟ್ ಸಾಕಷ್ಟಿದೆ ಎಂದಲ್ಲ. ಪೈ 3 ಮತ್ತು 4ರಲ್ಲಿ ವೋಲ್ಟೇಜ್ 4.63ರ ಆಸುಪಾಸಿಗೆ ಇಳಿದಾಗ ಆ ದೀಪ ಆರುತ್ತದೆ ಅಥವಾ ಮಿಣುಕುತ್ತದೆ. ಬೂಟ್ ಆಗುವ ಹೊತ್ತಿಗೆ ಕ್ಷಣಮಾತ್ರ ಕಣ್ಣು ಮುಚ್ಚಿ ತೆರೆದಂತೆ ಕಂಡರೂ ಅದು ಎಚ್ಚರಿಕೆಯೇ. ಪೈ 5ರಲ್ಲಿ ದೀಪ ಒಂದೇ: ಮಲಗಿದ್ದಾಗ ಕೆಂಪು, ಎದ್ದಾಗ ಹಸಿರು.

ಅಳೆಯಬೇಕಾದ್ದು ಅಡಾಪ್ಟರಿನ ತುದಿಯಲ್ಲಲ್ಲ, ಬೋರ್ಡಿನ ಮೇಲೆ. 40 ಪಿನ್ನುಗಳ ಎರಡು ಸಾಲಿನಲ್ಲಿ ಬೋರ್ಡಿನ ಅಂಚಿಗಿರುವ ಸಾಲನ್ನು ಹಿಡಿಯಿರಿ. ಎಸ್‌ಡಿ ಕಾರ್ಡಿನ ತುದಿಯಿಂದ ಎಣಿಸಿದರೆ ಮೊದಲೆರಡು 5 ವೋಲ್ಟ್, ಮೂರನೆಯದು ಗ್ರೌಂಡ್. ಕೆಂಪು ಪ್ರೋಬನ್ನು ಎರಡನೆಯದಕ್ಕೆ, ಕಪ್ಪನ್ನು ಮೂರನೆಯದಕ್ಕೆ ಇಡಿ. ಮೊದಲನೆಯದನ್ನು ಮುಟ್ಟಬೇಡಿ: ಅದರ ಪಕ್ಕದಲ್ಲೇ ಒಳಸಾಲಿನಲ್ಲಿ 3.3 ವೋಲ್ಟಿನ ಪಿನ್ ಇದೆ. ಪ್ರೋಬ್ ಜಾರಿ ಅವೆರಡನ್ನೂ ಒಟ್ಟಿಗೆ ಮುಟ್ಟಿತೋ, 5 ವೋಲ್ಟ್ ನೇರ ಪ್ರೊಸೆಸರಿಗೆ ಹೋಗುತ್ತದೆ. ಅಲ್ಲಿಗೆ ಬೋರ್ಡಿನ ಕಥೆ ಮುಗಿಯಿತು.

ಬೂಟ್ ಆಗುತ್ತಿರುವಾಗ ಮೀಟರಿನಲ್ಲಿ 4.75ರಿಂದ 5.25ರೊಳಗೆ ಕಾಣಬೇಕು. ಕಡಿಮೆ ಬಂದರೆ ಅಡಾಪ್ಟರಿಗಿಂತ ಮೊದಲು ಕೇಬಲ್ಲನ್ನು ಬದಲಿಸಿ ನೋಡಿ. ಲೆಕ್ಕ ಸರಳ: ಹೋಗಿ ಬರುವ ಎರಡು ವೈರಿನದ್ದು ಸೇರಿ 0.2 ಓಮ್ ರೋಧವಿರುವ ತೆಳು ಕೇಬಲ್ಲಿನಲ್ಲಿ 2.5 ಆಂಪಿಯರ್ ಹರಿದರೆ ಅರ್ಧ ವೋಲ್ಟ್ ಅಲ್ಲೇ ಬಿದ್ದುಹೋಗುತ್ತದೆ. ಅಡಾಪ್ಟರಿನಿಂದ ಹೊರಟ 5.1 ಬೋರ್ಡಿಗೆ ಬರುವಾಗ 4.6. ಫೋನ್ ಚಾರ್ಜರ್ ಮೇಲೆ "3 ಆಂಪಿಯರ್" ಎಂದು ಬರೆದಿದ್ದರೂ ಪೈ ಏಳದಿರುವುದಕ್ಕೆ ಇದೇ ಹೆಚ್ಚಾಗಿ ಕಾರಣ. ಫೋನಿಗೆ ವೋಲ್ಟೇಜ್ ಇಳಿದರೆ ಚಾರ್ಜ್ ನಿಧಾನವಾಗುತ್ತದೆ, ಅಷ್ಟೇ. ಪೈಗೆ ಹಾಗಲ್ಲ.

ಮೀಟರ್ ತೋರಿಸುವುದು ಸರಾಸರಿ. ಕ್ಷಣಕಾಲದ ಕುಸಿತ ಅದರ ಕಣ್ಣಿಗೆ ಬೀಳುವುದಿಲ್ಲ. ಬೋರ್ಡ್ ಯಾವಾಗಲಾದರೂ ಎದ್ದರೆ ಟರ್ಮಿನಲ್ಲಿನಲ್ಲಿ ವಿಸಿಜೆನ್‌ಸಿಎಂಡಿ ಆಜ್ಞೆಗೆ ಗೆಟ್_ಥ್ರಾಟಲ್ಡ್ ಸೇರಿಸಿ ಕೊಡಿ. ಉತ್ತರ 0ಎಕ್ಸ್0 ಆಗಿದ್ದರೆ ಈ ಸಲ ಎದ್ದಾಗಿನಿಂದ ವೋಲ್ಟೇಜ್ ಇಳಿದಿಲ್ಲ. 0ಎಕ್ಸ್50000 ಆದರೆ ಹಿಂದೆ ಯಾವಾಗಲೋ ಇಳಿದು ವೇಗ ತಗ್ಗಿಸಿಕೊಂಡಿತ್ತು. 0ಎಕ್ಸ್50005 ಆದರೆ ಈಗಲೂ ಇಳಿದೇ ಇದೆ. ಪೈ 5ರಲ್ಲಿ ಅದೇ ಆಜ್ಞೆಗೆ ಪಿಎಂಐಸಿ_ರೀಡ್_ಎಡಿಸಿ ಎಂದು ಕೊಟ್ಟರೆ ಒಳಗೆ ಬರುತ್ತಿರುವ 5 ವೋಲ್ಟ್ ನಿಜವಾಗಿ ಎಷ್ಟಿದೆ ಎಂಬುದೂ ಕಾಣುತ್ತದೆ.

ದೀಪವೇ ಹತ್ತದಿದ್ದರೆ ಇನ್ನೂ ಎರಡು ಸಾಧ್ಯತೆ ನೋಡಿ. 2019ರ ಮೊದಲ ತಂಡದ ಪೈ 4 ಬೋರ್ಡುಗಳಲ್ಲಿ ಯುಎಸ್‌ಬಿ ಸಿ ಕಿಂಡಿಯ ವಿನ್ಯಾಸದಲ್ಲೇ ದೋಷವಿತ್ತು. ಲ್ಯಾಪ್‌ಟಾಪ್ ಚಾರ್ಜರಿನ ಜತೆ ಬರುವ, ಒಳಗೆ ಚಿಪ್ ಇರುವ ಕೇಬಲ್ ಹಾಕಿದರೆ ಚಾರ್ಜರ್ ಕರೆಂಟೇ ಕೊಡುವುದಿಲ್ಲ. ಸಾದಾ ಕೇಬಲ್ ಹಾಕಿದರೆ ಸರಿಹೋಗುತ್ತದೆ. ಪೈ 3 ಆದರೆ ತಾನಾಗಿ ಸರಿಹೋಗುವ ಪಾಲಿಫ್ಯೂಸ್ ಕಡಿದಿರಬಹುದು. ಪ್ಲಗ್ ಕಿತ್ತು ಕೆಲವು ಗಂಟೆ ತಣ್ಣಗಾಗಲು ಬಿಟ್ಟು ಮತ್ತೆ ನೋಡಿ.

ಹಂತ 4: ಹಸಿರು ದೀಪದ ಮಿಣುಕು ಎಣಿಸಿ

ಬೂಟ್ ಸೋತಾಗ ಹಸಿರು ದೀಪ ಕಾರಣವನ್ನು ಹೇಳುತ್ತದೆ: ಮೊದಲು ಉದ್ದ ಮಿಣುಕು, ನಂತರ ಗಿಡ್ಡ ಮಿಣುಕು, ಸ್ವಲ್ಪ ಬಿಡುವು, ಮತ್ತೆ ಅದೇ. ಕಣ್ಣಿನಲ್ಲಿ ಎಣಿಸಲು ಹೋದರೆ ತಪ್ಪುತ್ತದೆ. ಫೋನಿನಲ್ಲಿ ವಿಡಿಯೊ ಮಾಡಿ ನಿಧಾನವಾಗಿ ಓಡಿಸಿ ನೋಡಿ.

ಉದ್ದ ಮಿಣುಕಿಲ್ಲದೆ ಬರೀ ಗಿಡ್ಡವೇ ಬಂದರೆ ಹೀಗೆ ಓದಿಕೊಳ್ಳಿ:
3 ಬಂದರೆ ಸಾಮಾನ್ಯ ಬೂಟ್ ವೈಫಲ್ಯ.
4 ಬಂದರೆ ಸ್ಟಾರ್ಟ್ ಫೈಲು ಸಿಗಲಿಲ್ಲ. ಹಳೇ ಪೈ 3ರ ಕಾರ್ಡನ್ನು ಪೈ 4ಕ್ಕೆ ಹಾಕಿದಾಗ ಇದು ಮಾಮೂಲು.
7 ಬಂದರೆ ಕರ್ನಲ್ ಫೈಲು ಸಿಗಲಿಲ್ಲ.
8 ಬಂದರೆ ಮೆಮೊರಿ ಚಿಪ್ಪಿನ ದೋಷ. ಇದಕ್ಕೆ ಮನೆಯಲ್ಲಿ ಮದ್ದಿಲ್ಲ.

ಉದ್ದ 2 ಗಿಡ್ಡ 1 ಎಂದರೆ ಮೊದಲ ಪಾರ್ಟಿಶನ್ ಫ್ಯಾಟ್ ಮಾದರಿಯದಲ್ಲ. ಉದ್ದ 2 ಗಿಡ್ಡ 2 ಎಂದರೆ ಪಾರ್ಟಿಶನ್ ಓದಲು ಆಗುತ್ತಿಲ್ಲ. ಈ ಎರಡಕ್ಕೂ ಹಂತ 6. ಉದ್ದ 3 ಗಿಡ್ಡ 1 ಇಇಪ್ರಾಮ್ ದೋಷ, ಹಂತ 5ಕ್ಕೆ ಹೋಗಿ. ಉದ್ದ 4ರ ಜತೆ ಗಿಡ್ಡ 6 ಅಥವಾ 7 ಬಂದರೆ ಪವರ್ ವಿಭಾಗದ ದೋಷ; ಹಂತ 3ನ್ನು ಬೇರೆ ಅಡಾಪ್ಟರ್ ಹಾಕಿ ಮತ್ತೊಮ್ಮೆ ಮಾಡಿ.

ಲಯವಿಲ್ಲದೆ ಅಡ್ಡಾದಿಡ್ಡಿ ಮಿಣುಕುತ್ತಿದ್ದರೆ ಅದು ದೋಷದ ಸಂಕೇತವಲ್ಲ, ಕಾರ್ಡನ್ನು ಓದುತ್ತಿದೆ ಎಂದರ್ಥ. ಬೋರ್ಡ್ ಎದ್ದಿರಲೂಬಹುದು, ಪರದೆಯದ್ದಷ್ಟೇ ತಕರಾರಿರಬಹುದು. ರೂಟರಿನ ಪಟ್ಟಿಯಲ್ಲಿ ಪೈ ಕಾಣುತ್ತಿದೆಯೇ ನೋಡಿ.

ಹಂತ 5: ಕಾರ್ಡಿಲ್ಲದೆ ಆನ್ ಮಾಡಿ, ಇಇಪ್ರಾಮ್ ಪರೀಕ್ಷಿಸಿ

ಪೈ 4 ಮತ್ತು 5ರಲ್ಲಿ ಬೋರ್ಡ್ ಜೀವಂತವಾಗಿದೆಯೇ ಎಂದು ತಿಳಿಯಲು ಇದಕ್ಕಿಂತ ಸುಲಭದ ದಾರಿಯಿಲ್ಲ. ಕಾರ್ಡ್ ತೆಗೆದು, ಎಚ್‌ಡಿಎಂಐ ಹಾಕಿ ಕರೆಂಟ್ ಕೊಡಿ. ಕೆಲವೇ ಸೆಕೆಂಡಿನಲ್ಲಿ ಬೋರ್ಡಿನ ವಿವರ, ಬೂಟ್ ಕ್ರಮ, ಕಾರ್ಡ್ ಇಲ್ಲ ಎಂಬ ಸೂಚನೆ ಇರುವ ಪರದೆ ಮೂಡಿದರೆ ಪ್ರೊಸೆಸರ್, ಮೆಮೊರಿ, ಇಇಪ್ರಾಮ್ ಮೂರೂ ಸರಿಯಾಗಿವೆ. ಹುಡುಕಾಟ ಇನ್ನು ಕಾರ್ಡಿನ ಕಡೆಗೆ. ಬೂಟ್‌ಲೋಡರ್ ತುಂಬಾ ಹಳೆಯದಾಗಿದ್ದರೆ ಈ ಪರದೆ ಬರುವುದಿಲ್ಲ, ಪೈ 3ರಲ್ಲಂತೂ ಇಲ್ಲವೇ ಇಲ್ಲ. ಕಾರ್ಡಿಲ್ಲದ ಪೈ 3 ಕೆಂಪು ದೀಪ ಹತ್ತಿಸಿಕೊಂಡು ಸುಮ್ಮನಿರುತ್ತದೆ.

ಪರದೆ ಬರದಿದ್ದರೆ ಇಇಪ್ರಾಮನ್ನು ಮರುಬರೆಯಿರಿ. ಇನ್ನೊಂದು ಕಂಪ್ಯೂಟರಿನಲ್ಲಿ ರಾಸ್ಪ್‌ಬೆರಿ ಪೈ ಇಮೇಜರ್ ತೆರೆದು, ಇತರ ಉಪಕರಣಗಳ ಇಮೇಜುಗಳ ಪಟ್ಟಿಯಲ್ಲಿ ಬೂಟ್‌ಲೋಡರ್, ಅದರಲ್ಲಿ ಎಸ್‌ಡಿ ಕಾರ್ಡ್ ಬೂಟ್ ಆರಿಸಿ, ಖಾಲಿ ಕಾರ್ಡಿಗೆ ಬರೆಯಿರಿ. ನಿಮ್ಮ ಮೂಲ ಕಾರ್ಡಿಗೆ ಬರೆಯಬೇಡಿ, ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಆ ಕಾರ್ಡನ್ನು ಪೈಗೆ ಹಾಕಿ ಕರೆಂಟ್ ಕೊಟ್ಟರೆ, ಕೆಲಸ ಮುಗಿದಾಗ ಹಸಿರು ದೀಪ ಒಂದೇ ಸಮನೆ ಬೇಗ ಬೇಗ ಮಿಣುಕುತ್ತದೆ, ಪರದೆ ಪೂರ್ತಿ ಹಸಿರಾಗುತ್ತದೆ. ಅದಕ್ಕೆ ಮುಂಚೆ ಪ್ಲಗ್ ಕೀಳಬೇಡಿ.

ಯುಎಸ್‌ಬಿ ಅಥವಾ ಎನ್‌ವಿಎಂಇ ಡಿಸ್ಕಿನಿಂದ ಬೂಟ್ ಮಾಡುವವರು ಅದೇ ಪರದೆಯಲ್ಲಿ ಬೂಟ್ ಕ್ರಮದ ಸಂಖ್ಯೆ ಓದಿ. ಅದನ್ನು ಬಲದಿಂದ ಎಡಕ್ಕೆ ಓದಬೇಕು. ಎಫ್41 ಎಂದರೆ ಮೊದಲು ಎಸ್‌ಡಿ, ಆಮೇಲೆ ಯುಎಸ್‌ಬಿ, ಎರಡೂ ಸಿಗದಿದ್ದರೆ ಮತ್ತೆ ಮೊದಲಿನಿಂದ. 6 ಎಂಬುದು ಎನ್‌ವಿಎಂಇ. ನಿಮ್ಮ ಡಿಸ್ಕಿನ ಅಂಕಿಯೇ ಆ ಸಂಖ್ಯೆಯಲ್ಲಿ ಇಲ್ಲದಿದ್ದರೆ ಎಷ್ಟು ಕಾದರೂ ಬೂಟ್ ಆಗದು.

ಹಂತ 6: ಕಾರ್ಡು

ಮೊದಲು ಒಂದು ಎಚ್ಚರಿಕೆ. ಕಾರ್ಡನ್ನು ವಿಂಡೋಸ್ ಕಂಪ್ಯೂಟರಿಗೆ ಹಾಕಿದೊಡನೆ "ಈ ಡಿಸ್ಕನ್ನು ಬಳಸಲು ಫಾರ್ಮ್ಯಾಟ್ ಮಾಡಬೇಕು" ಎಂಬ ಪ್ರಶ್ನೆ ಬರುತ್ತದೆ. ಕಾರ್ಡ್ ಕೆಟ್ಟಿದೆ ಎಂದಲ್ಲ; ಲಿನಕ್ಸ್ ಪಾರ್ಟಿಶನ್ ವಿಂಡೋಸ್‌ಗೆ ಅರ್ಥವಾಗುವುದಿಲ್ಲ, ಅಷ್ಟೇ. ಹೂಂ ಎಂದು ಒತ್ತಿದವರ ಡೇಟಾ ಅಲ್ಲಿಗೆ ಹೋಯಿತು.

ಇನ್ನೊಂದು ಕಾರ್ಡಿಗೆ ಪೈ ಓಎಸ್‌ನ ಲೈಟ್ ಆವೃತ್ತಿ ಬರೆದು ಹಾಕಿ ನೋಡಿ. ಪೈ 5 ಆದರೆ 2023ರ ಅಕ್ಟೋಬರಿನಲ್ಲಿ ಬಂದ ಬುಕ್‌ವರ್ಮ್ ಎಂಬ ಆವೃತ್ತಿ ಅಥವಾ ಅದರ ನಂತರದ್ದೇ ಆಗಬೇಕು. ಅದು ಎದ್ದರೆ ದೋಷ ಹಳೇ ಕಾರ್ಡಿನದ್ದು. ಆಗ ಮಾಡಬೇಕಾದ ಮೊದಲ ಕೆಲಸ ದುರಸ್ತಿಯಲ್ಲ, ಇಡೀ ಕಾರ್ಡಿನ ಪ್ರತಿ ತೆಗೆಯುವುದು. ಸಾಯುತ್ತಿರುವ ಕಾರ್ಡಿನ ಮೇಲೆ ಎಫ್‌ಎಸ್‌ಸಿಕೆ (ಪಾರ್ಟಿಶನ್ ಪರೀಕ್ಷಿಸಿ ದುರಸ್ತಿ ಮಾಡುವ ಲಿನಕ್ಸ್ ಆಜ್ಞೆ) ಓಡಿಸಿದರೆ ಇದ್ದದ್ದೂ ಹೋಗಬಹುದು. ಪ್ರತಿ ಕೈಗೆ ಬಂದ ಮೇಲೆ ಎರಡನೇ ಪಾರ್ಟಿಶನ್ ಮೇಲೆ ಎಫ್‌ಎಸ್‌ಸಿಕೆ ನಡೆಸಿ.

ಕಾರ್ಡಿನ ಆಯುಸ್ಸು ಮುಗಿದಿದೆ ಎಂಬುದಕ್ಕೆ ಒಂದು ಸ್ಪಷ್ಟ ಗುರುತಿದೆ: ಫೈಲು ಬದಲಿಸಿದಾಗ ಯಾವ ತಪ್ಪೂ ತೋರಿಸುವುದಿಲ್ಲ, ಆದರೆ ಕಾರ್ಡ್ ತೆಗೆದು ಮತ್ತೆ ಹಾಕಿದರೆ ಹಳೆಯದೇ ಇರುತ್ತದೆ. ಕಾರ್ಡ್ ತನ್ನೊಳಗೇ ಬರೆಯುವುದನ್ನು ನಿಲ್ಲಿಸಿದೆ. ಅದಕ್ಕೆ ಎಷ್ಟು ಸಲ ಇಮೇಜ್ ಬರೆದರೂ ಫಲವಿಲ್ಲ.

ಬೇರೆ ಕಾರ್ಡಿಗೆ ಬೋರ್ಡ್ ಸರಿಯಾಗಿ ಏಳುತ್ತದೆ, ಹಳೇ ಕಾರ್ಡೂ ಗಟ್ಟಿಯಾಗಿದೆ ಎಂದಾದರೆ ಮೊದಲ ಪಾರ್ಟಿಶನ್‌ನ ಫೈಲುಗಳನ್ನು ನೋಡಿ. ಇದು ವಿಂಡೋಸ್‌ನಲ್ಲೂ ತೆರೆಯುತ್ತದೆ. ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋಗಿದ್ದರೆ ಕರ್ನಲ್8 ಫೈಲಿನ ಗಾತ್ರ ಸೊನ್ನೆಯಾಗಿರುತ್ತದೆ. ಅದೇ ಆವೃತ್ತಿಯ ಹೊಸ ಕಾರ್ಡಿನಿಂದ ಕರ್ನಲ್ ಫೈಲು, ಡಿಟಿಬಿ ಫೈಲುಗಳು (ಬೋರ್ಡಿನ ಹಾರ್ಡ್‌ವೇರ್ ವಿವರ ಇರುವವು) ಮತ್ತು ಓವರ್‌ಲೇ ಫೋಲ್ಡರನ್ನು ನಕಲಿಸಿ. ಎದ್ದ ಮೇಲೆ ವೈಫೈ ಬರದಿರಬಹುದು, ಏಕೆಂದರೆ ಕರ್ನಲ್ಲಿಗೂ ಎರಡನೇ ಪಾರ್ಟಿಶನ್‌ನ ಮಾಡ್ಯೂಲುಗಳಿಗೂ ಹೊಂದಿಕೆ ತಪ್ಪಿರುತ್ತದೆ. ನೆಟ್‌ವರ್ಕ್ ಕೇಬಲ್ ಹಾಕಿ ಕರ್ನಲ್ ಪ್ಯಾಕೇಜನ್ನು ಮರುಸ್ಥಾಪಿಸಿ.

ಕಾನ್ಫಿಗ್ ಫೈಲಿನಲ್ಲಿ ನೀವೇ ಸೇರಿಸಿದ ಓವರ್‌ಕ್ಲಾಕ್, ಓವರ್‌ವೋಲ್ಟೇಜ್ ಸಾಲುಗಳ ಮುಂದೆ ಹ್ಯಾಶ್ ಚಿಹ್ನೆ ಹಾಕಿ ನಿಷ್ಕ್ರಿಯ ಮಾಡಿ. ನೋಟ್‌ಪ್ಯಾಡಿನಲ್ಲಿ ಉಳಿಸುವಾಗ ಹೆಸರಿನ ಕೊನೆಗೆ ಟಿಎಕ್ಸ್‌ಟಿ ಎರಡು ಸಲ ಅಂಟಿಕೊಂಡಿಲ್ಲವೇ ಎಂದೂ ನೋಡಿ. ಪೈ 5 ಕಾನ್ಫಿಗ್ ಫೈಲು ಕಾಣದಿದ್ದರೆ ಆ ಪಾರ್ಟಿಶನ್ ಬೂಟ್‌ಗೆ ಯೋಗ್ಯವೇ ಅಲ್ಲ ಎಂದು ಬಿಟ್ಟುಬಿಡುತ್ತದೆ. ಕರ್ನಲ್ಲಿಗೆ ಸೂಚನೆ ಕೊಡುವ ಸಿಎಂಡಿಲೈನ್ ಫೈಲಿನದ್ದು ಇನ್ನೊಂದು ತರಲೆ: ಅದರಲ್ಲಿರುವುದೆಲ್ಲ ಒಂದೇ ಸಾಲಿನಲ್ಲಿರಬೇಕು. ನಡುವೆ ಎಂಟರ್ ಒತ್ತಿದರೆ ಅದರಾಚೆಗಿನದು ಲೆಕ್ಕಕ್ಕಿಲ್ಲ.

ಹಂತ 7: ಕರ್ನಲ್ ಬಂದ ಮೇಲೆ ನಿಂತರೆ

ಕಾಮನಬಿಲ್ಲಿನ ಬಣ್ಣದ ಪರದೆಯಲ್ಲೇ ನಿಂತರೆ ಫರ್ಮ್‌ವೇರ್ ಎದ್ದಿದೆ, ಕರ್ನಲ್ ಏಳಲಿಲ್ಲ. ಹಂತ 6ರ ಫೈಲುಗಳಿಗೆ ಮರಳಿ.

ಅಕ್ಷರಗಳು ಓಡಿ, "ಕರ್ನಲ್ ಪ್ಯಾನಿಕ್" ಎಂದು ರೂಟ್ (ಲಿನಕ್ಸ್ ಇರುವ ಪಾರ್ಟಿಶನ್) ಮೌಂಟ್ ಮಾಡಲಾಗಲಿಲ್ಲ ಎಂಬ ಸಾಲಿನಲ್ಲಿ ನಿಂತರೆ ಆವರಣದೊಳಗಿನ ಸಂಖ್ಯೆ ನೋಡಿ. 179,2 ಇದ್ದರೆ ಕಾರ್ಡಿನ ಎರಡನೇ ಪಾರ್ಟಿಶನ್ ಸಿಕ್ಕಿದೆ, ಓದಲು ಆಗುತ್ತಿಲ್ಲ: ಎಫ್‌ಎಸ್‌ಸಿಕೆ ಬೇಕು. 0,0 ಇದ್ದರೆ ಪಾರ್ಟಿಶನ್ನೇ ಸಿಕ್ಕಿಲ್ಲ. ಕಾರ್ಡನ್ನು ಡಿಸ್ಕಿಗೆ ಕ್ಲೋನ್ ಮಾಡಿದವರು ಹೆಚ್ಚಾಗಿ ಇಲ್ಲಿ ಸಿಕ್ಕಿಬೀಳುತ್ತಾರೆ. ಹೊಸ ಡಿಸ್ಕಿನ ಪಾರ್ಟ್‌ಯುಯುಐಡಿ (ಪಾರ್ಟಿಶನ್ನಿನ ಗುರುತು ಸಂಖ್ಯೆ) ಬೇರೆ, ಸಿಎಂಡಿಲೈನ್ ಫೈಲಿನಲ್ಲಿರುವುದು ಹಳೆಯದು. ಬಿಎಲ್‌ಕೆಐಡಿ ಆಜ್ಞೆಯಿಂದ ಹೊಸದನ್ನು ತಿಳಿದು ಆ ಫೈಲಿನಲ್ಲೂ ಎಫ್‌ಸ್ಟ್ಯಾಬಿನಲ್ಲೂ (ಬೂಟ್ ಆಗುವಾಗ ಜೋಡಿಸಬೇಕಾದ ಡಿಸ್ಕುಗಳ ಪಟ್ಟಿ ಇರುವ ಫೈಲು) ತಿದ್ದಿ.

ಎಮರ್ಜೆನ್ಸಿ ಮೋಡ್ ಎಂದು ಹೇಳಿ, ರೂಟ್ ಖಾತೆಗೆ ಬೀಗ ಹಾಕಿದೆ ಎಂದು ನಿಂತರೆ ಎಫ್‌ಸ್ಟ್ಯಾಬಿನಲ್ಲಿ ಈಗ ಇಲ್ಲದ ಡಿಸ್ಕಿನ ಸಾಲು ಇರುವ ಸಾಧ್ಯತೆ ಹೆಚ್ಚು. ಕಾರ್ಡನ್ನು ಲಿನಕ್ಸ್ ಕಂಪ್ಯೂಟರಿಗೆ ಹಾಕಿ ಆ ಸಾಲಿನ ಆಯ್ಕೆಗಳಿಗೆ ನೋಫೇಲ್ (ಡಿಸ್ಕು ಸಿಗದಿದ್ದರೂ ಬೂಟ್ ಮುಂದುವರಿಸು ಎಂದರ್ಥ) ಸೇರಿಸಿ. ಹೊರಗಿನ ಡಿಸ್ಕಿನ ಸಾಲಿಗೆ ಇದನ್ನು ಮೊದಲ ದಿನವೇ ಹಾಕಿಟ್ಟುಕೊಳ್ಳುವುದು ಲೇಸು.

ಹಂತ 8: ಸೀರಿಯಲ್ ಕೇಬಲ್

ಪರದೆಯಲ್ಲಿ ಏನೂ ಇಲ್ಲ, ದೀಪವೂ ಏನೂ ಹೇಳುತ್ತಿಲ್ಲ ಎನ್ನುವಾಗ ಇದು. ಅದೇ ಅಂಚಿನ ಸಾಲಿನ ಮೂರನೇ ಪಿನ್ನಿಗೆ ಕೇಬಲ್ಲಿನ ಗ್ರೌಂಡ್, ನಾಲ್ಕನೆಯದಕ್ಕೆ ಕೇಬಲ್ಲಿನ ಆರ್‌ಎಕ್ಸ್, ಐದನೆಯದಕ್ಕೆ ಟಿಎಕ್ಸ್. ಕೇಬಲ್ಲಿನ ಕೆಂಪು 5 ವೋಲ್ಟ್ ವೈರನ್ನು ಎಲ್ಲಿಗೂ ಹಾಕದೆ ಟೇಪ್ ಸುತ್ತಿ ಬಿಡಿ. ಕಾನ್ಫಿಗ್ ಫೈಲಿಗೆ ಎನೇಬಲ್_ಯುಎಆರ್‌ಟಿ=1 ಮತ್ತು ಯುಎಆರ್‌ಟಿ_2ಎನ್‌ಡಿಸ್ಟೇಜ್=1 ಸಾಲು ಸೇರಿಸಿ. ವೇಗ 115200. ಫರ್ಮ್‌ವೇರ್ ಯಾವ ಫೈಲು ಹುಡುಕಿತು, ಯಾವುದು ಸಿಗಲಿಲ್ಲ ಎಂಬುದೆಲ್ಲ ಸಾಲುಸಾಲಾಗಿ ಬರುತ್ತದೆ. ಪೈ 5ರಲ್ಲಿ ಇದಕ್ಕೆಂದೇ ಎರಡು ಎಚ್‌ಡಿಎಂಐ ನಡುವೆ ಮೂರು ಪಿನ್ನಿನ ಪುಟ್ಟ ಕಿಂಡಿಯಿದೆ.

ಹಂತ 9: ರೀಸೆಟ್ ಆದಾಗ ನಿಲ್ಲುವುದು, ತಾನಾಗಿ ರೀಸೆಟ್ ಆಗುವುದು

ಪ್ಲಗ್ ಕಿತ್ತ ಮೇಲೂ ಕೆಂಪು ದೀಪ ಮಂಕಾಗಿ ಉರಿಯುತ್ತಿದೆಯೇ? ಹಾಗಾದರೆ ಬೇರೆ ಯಾವುದೋ ದಾರಿಯಿಂದ ಕರೆಂಟ್ ಹಿಮ್ಮುಖವಾಗಿ ಬರುತ್ತಿದೆ. ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್, ಮಾನಿಟರ್, ಸೀರಿಯಲ್ ಕೇಬಲ್ ಈ ಮೂರರ ಮೇಲೆ ಮೊದಲ ಅನುಮಾನವಿರಲಿ. 5 ವೋಲ್ಟ್ ಪೂರ್ತಿ ಇಳಿಯದೆ ನಡುವೆ ತೂಗುತ್ತಿದ್ದರೆ ಪವರ್ ಚಿಪ್ ಸರಿಯಾಗಿ ರೀಸೆಟ್ ಆಗುವುದಿಲ್ಲ, ಕರೆಂಟ್ ಬಂದಾಗ ಬೋರ್ಡ್ ಅರ್ಧ ಎದ್ದು ನಿಲ್ಲುತ್ತದೆ. ಪ್ಲಗ್ ಕಿತ್ತು ಮೀಟರಿನಲ್ಲಿ ನೋಡಿ: ಒಂದು ವೋಲ್ಟಿಗಿಂತ ಹೆಚ್ಚು ಉಳಿದರೆ ಒಂದೊಂದೇ ಕೇಬಲ್ ತೆಗೆಯುತ್ತ ಹೋಗಿ. ಲೋಡ್‌ಶೆಡ್ಡಿಂಗ್ ಇರುವ ಕಡೆ "ಕರೆಂಟ್ ಬಂದ್ರೂ ಪೈ ಏಳಲ್ಲ" ಎಂಬ ದೂರಿನ ಹಿಂದೆ ಇದನ್ನು ಹುಡುಕಬೇಕು.

ರೀಬೂಟ್ ಕೊಟ್ಟಾಗ ಮಾತ್ರ ಯುಎಸ್‌ಬಿ ಡಿಸ್ಕು ಸಿಗದಿದ್ದರೆ ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಅಡಾಪ್ಟರಿನ ಚಿಪ್ ಹಿಂದಿನ ಸ್ಥಿತಿಯಲ್ಲೇ ಸಿಕ್ಕಿಕೊಂಡಿರುತ್ತದೆ. ಬೂಟ್‌ಲೋಡರನ್ನು ಹೊಸದಕ್ಕೆ ಏರಿಸಿ. ಅದಕ್ಕೂ ಬಗ್ಗದಿದ್ದರೆ ಆ ಡಿಸ್ಕ್ ಅಡಾಪ್ಟರನ್ನೇ ಬದಲಿಸಿ, ಅದರ ಜತೆ ಗುದ್ದಾಡುವುದು ದಂಡ.

ತಾನಾಗಿ ರೀಸೆಟ್ ಆಗುತ್ತಿದ್ದರೆ ಹಿಂದಿನ ಸಲದ ದಾಖಲೆ ಬೇಕು. ಈಚಿನ ಪೈ ಓಎಸ್ ದಾಖಲೆಯನ್ನು ಮೆಮೊರಿಯಲ್ಲಷ್ಟೇ ಇಡುತ್ತದೆ, ರೀಸೆಟ್ ಆದೊಡನೆ ಅಳಿಸಿಹೋಗುತ್ತದೆ. ದಾಖಲೆ ಇಡುವ ಸೇವೆಯಾದ ಜರ್ನಲ್‌ಡಿಯ ಸೆಟ್ಟಿಂಗಿನಲ್ಲಿ ಸ್ಟೋರೇಜ್ ಎಂಬುದನ್ನು ಪರ್ಸಿಸ್ಟೆಂಟ್ ಮಾಡಿ, ಮುಂದಿನ ರೀಸೆಟ್ ಆಗಲು ಬಿಡಿ, ಆಮೇಲೆ ಜರ್ನಲ್‌ಸಿಟಿಎಲ್‌ನಲ್ಲಿ ಹಿಂದಿನ ಬೂಟಿನ ಕೊನೆಯ ಸಾಲುಗಳನ್ನು ಓದಿ. ಸೇವೆಗಳು ಒಂದೊಂದಾಗಿ ನಿಂತ ದಾಖಲೆಯಿದ್ದರೆ ಯಾವುದೋ ಪ್ರೋಗ್ರಾಮ್ ರೀಬೂಟ್ ಆಜ್ಞೆ ಕೊಟ್ಟಿದೆ. ಮಾತಿನ ನಡುವೆ ಕತ್ತರಿಸಿದಂತೆ ನಿಂತಿದ್ದರೆ ಕಾರಣ ಕರೆಂಟ್, ವಾಚ್‌ಡಾಗ್ (ಸಿಸ್ಟಂ ಸಿಕ್ಕಿಕೊಂಡರೆ ತಾನಾಗಿ ರೀಸೆಟ್ ಮಾಡುವ ಕಾವಲು) ಅಥವಾ ರನ್ ಪಿನ್ (ಬೋರ್ಡನ್ನು ರೀಸೆಟ್ ಮಾಡುವ ಪಿನ್).

ವಾಚ್‌ಡಾಗ್ ಹಾಕಿಕೊಂಡವರು ಲೋಡ್ ಮಿತಿಯನ್ನು (ಕೆಲಸದ ಹೊರೆ ಎಷ್ಟಾದರೆ ರೀಸೆಟ್ ಮಾಡಬೇಕೆಂಬುದನ್ನು) 3, 4ರಂತೆ ಚಿಕ್ಕದಾಗಿ ಇಟ್ಟರೆ ಬೂಟ್ ಹೊತ್ತಿನ ಲೋಡಿಗೇ ಅದು ರೀಸೆಟ್ ಮಾಡುತ್ತದೆ, ಎದ್ದ ಮೇಲೆ ಮತ್ತೆ ಅದೇ. ಈ ಸುಳಿಯಿಂದ ಹೊರಬರಲು ಲಿನಕ್ಸ್ ಕಂಪ್ಯೂಟರ್ ಬೇಕಿಲ್ಲ. ವಿಂಡೋಸ್‌ನಲ್ಲೇ ಸಿಎಂಡಿಲೈನ್ ಸಾಲಿನ ಕೊನೆಗೆ ಒಂದು ಸ್ಪೇಸ್ ಬಿಟ್ಟು ಸಿಸ್ಟಂಡಿ.ಮಾಸ್ಕ್=ವಾಚ್‌ಡಾಗ್.ಸರ್ವಿಸ್ ಎಂದು ಸೇರಿಸಿ. ಆ ಒಂದು ಸೇವೆ ಬಿಟ್ಟು ಉಳಿದದ್ದೆಲ್ಲ ಏಳುತ್ತದೆ. ಮಿತಿ ಸರಿಪಡಿಸಿದ ಮೇಲೆ ತೆಗೆಯಿರಿ.

ರನ್ ಎಂದು ಅಚ್ಚಾಗಿರುವ ತೂತಿನಿಂದ ಉದ್ದ ವೈರೆಳೆದು ರೀಸೆಟ್ ಬಟನ್ ಕಟ್ಟಿದ್ದರೆ ಆ ವೈರು ಆಂಟೆನಾ ಆಗಿಬಿಡುತ್ತದೆ. ಪಕ್ಕದ ರಿಲೇ "ಟಕ್" ಎಂದಾಗ ಪೈ ರೀಸೆಟ್ ಆದರೆ ಬೇರೇನೂ ಹುಡುಕದೆ ಮೊದಲು ಈ ವೈರು ಕೀಳಿ. ಸರ್ವೊ ಮೋಟರನ್ನು ಪೈನ 5 ವೋಲ್ಟ್ ಪಿನ್ನಿನಿಂದ ಓಡಿಸುವುದೂ ಅಷ್ಟೇ ಕೆಟ್ಟದ್ದು. ಅದಕ್ಕೆ ಬೇರೆ ಅಡಾಪ್ಟರ್ ಕೊಟ್ಟು ಗ್ರೌಂಡ್ ಮಾತ್ರ ಕೂಡಿಸಿ. ಬಿಸಿಯನ್ನು ದೂರುವುದು ರೂಢಿ, ಆದರೆ ಬಿಸಿಯಾದ ಪೈ 80 ಡಿಗ್ರಿಯ ಬಳಿ ವೇಗ ತಗ್ಗಿಸಿಕೊಳ್ಳುತ್ತದೆಯೇ ಹೊರತು ರೀಸೆಟ್ ಆಗುವುದು ಅಪರೂಪ.

ಬೋರ್ಡ್ ಹೋಗಿದೆ ಎಂದು ಯಾವಾಗ ಒಪ್ಪಬೇಕು

ಪಿನ್ನುಗಳಲ್ಲಿ 5 ವೋಲ್ಟ್ ಸರಿಯಾಗಿದ್ದೂ, ಒಳಸಾಲಿನ ಮೊದಲ ಪಿನ್ನಿಗೂ ಅಂಚಿನ ಸಾಲಿನ ಗ್ರೌಂಡಿಗೂ ನಡುವೆ 3.3 ಇಲ್ಲದಿದ್ದರೆ. ಪ್ಲಗ್ ಕಿತ್ತು ಅದೇ ಎರಡು ಪಿನ್ನಿನ ನಡುವಿನ ರೋಧ ಅಳೆದಾಗ ಬೆರಳೆಣಿಕೆಯ ಓಮ್ ಬಂದರೆ. ಬರೀ ಬೋರ್ಡಿಗೆ ಕರೆಂಟ್ ಕೊಟ್ಟಾಗಲೇ ಚಿಪ್ ಮುಟ್ಟಲಾಗದಷ್ಟು ಬಿಸಿಯಾದರೆ. ಸರಿಯಾದ ಅಡಾಪ್ಟರಿನಲ್ಲಿ, ಇಇಪ್ರಾಮ್ ಮರುಬರೆಯುವ ಕಾರ್ಡಿಗೂ ಹಸಿರು ದೀಪ ಒಮ್ಮೆಯೂ ಮಿಣುಕದಿದ್ದರೆ. ಇವುಗಳಲ್ಲಿ ಒಂದು ಖಚಿತವಾದರೂ ಮುಂದೆ ಪ್ರಯತ್ನಿಸುವುದರಲ್ಲಿ ಅರ್ಥವಿಲ್ಲ.

ಕಾರ್ಡ್ ಸರಿಯಿದ್ದರೆ ಅದೇ ಮಾದರಿಯ ಇನ್ನೊಂದು ಬೋರ್ಡಿಗೆ ನೇರವಾಗಿ ಹಾಕಿ, ಏನೂ ಬದಲಿಸದೆ ಏಳುತ್ತದೆ. ಹೊಸ ಬೋರ್ಡಿನ ಮ್ಯಾಕ್ ವಿಳಾಸ ಬೇರೆ ಇರುವುದರಿಂದ ರೂಟರಿನಲ್ಲಿ ಕಾಯ್ದಿರಿಸಿದ ಐಪಿಯನ್ನು ಮಾತ್ರ ಹೊಸದಾಗಿ ಕಟ್ಟಿಕೊಡಬೇಕು.